ವಾರ್‌ಲಾರ್ಡ್ಸ್ ಆಫ್ ಡ್ರೇನರ್: ಬಂದವರು ಯಾಕೆ ನಿಲ್ಲಲಿಲ್ಲ?

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ತಿಂಗಳ ಚಂದಾ ಕಟ್ಟಿ ಆಡುವ ಆನ್‌ಲೈನ್ ಆಟ. 2014ರ ನವೆಂಬರ್‌ನಲ್ಲಿ ಅದಕ್ಕೆ ಈ ವಿಸ್ತರಣೆ (ಹೊಸ ಭಾಗ) ಬಂದಾಗ ಚಂದಾದಾರರು ಮತ್ತೆ 1 ಕೋಟಿ ದಾಟಿದರು. 2015ರ ಜೂನ್ ಕೊನೆಗೆ ಉಳಿದವರು 56 ಲಕ್ಷ. ಅಮೆರಿಕದಲ್ಲಿ ಚಂದಾ ಮೊದಲಿನಂತೆ ತಿಂಗಳಿಗೆ 14.99 ಡಾಲರ್ ಆಗಿಯೇ ಇತ್ತು, ಹಾಗಾಗಿ ಜನ ಹೋದದ್ದು ಬೆಲೆಗಲ್ಲ.

ಮುಖ್ಯ ಪೆಟ್ಟು ಗ್ಯಾರಿಸನ್‌ನದು. ಪ್ರತಿ ಆಟಗಾರನಿಗೂ ಸ್ವಂತ ಕೋಟೆ, ಅದರೊಳಗೇ ಗಣಿ, ಗಿಡಮೂಲಿಕೆ ತೋಟ. ಅದಿರು ಹುಡುಕಿ ಊರೂರು ಅಲೆಯುವ ಅಗತ್ಯವೇ ಹೋಯಿತು, ಅದನ್ನು ಮಾರಿ ಸಂಪಾದಿಸುತ್ತಿದ್ದವರ ಕಸುಬೂ ಕುಸಿಯಿತು. ಲಾಗಿನ್ ಆಗಿ, ಹಿಂಬಾಲಕರನ್ನು (ಕಂಪ್ಯೂಟರ್ ನಡೆಸುವ ಸಹಾಯಕ ಪಾತ್ರಗಳನ್ನು) ಮಿಷನ್‌ಗೆ ಕಳಿಸಿ, ಕೋಟೆಯ ಕಟ್ಟಡಗಳಲ್ಲಿ ತಯಾರಾದ ಕೆಲಸದ ಆರ್ಡರ್ ಎತ್ತಿಕೊಂಡರೆ ದಿನದ ಆಟ ಮುಗಿಯಿತು. ಎಲ್ಲರೂ ಅವರವರ ಕೋಟೆಯಲ್ಲಿ ಕೂತರೆ ಭೇಟಿಯಾಗುವುದು ಎಲ್ಲಿ? ಸಾವಿರಾರು ಜನರ ಲೋಕಕ್ಕೆಂದು ದುಡ್ಡು ಕೊಟ್ಟವರಿಗೆ ಇದು ನಿಜವಾದ ನಷ್ಟ.

ಗಿಲ್ಡ್‌ಗಳೂ, ಅಂದರೆ ಒಟ್ಟಿಗೆ ಆಡುವವರ ಸಂಘಗಳೂ, ಒಡೆದವು. ರೇಡ್ ಎಂದರೆ ಬಾಸ್‌ಗಳೆಂಬ ದೊಡ್ಡ ಶತ್ರುಗಳನ್ನು ಗುಂಪಾಗಿ ಎದುರಿಸುವ ದಾಳಿ; ಅದರ ಅತಿ ಕಠಿಣ ಮಟ್ಟವಾದ ಮಿಥಿಕ್‌ಗೆ ಸರಿಯಾಗಿ 20 ಜನ ಬೇಕು ಎಂಬ ನಿಯಮ ಬಂತು. ಹತ್ತೇ ಜನರಿದ್ದ ಗೆಳೆಯರ ಗುಂಪು ಇನ್ನೊಂದರಲ್ಲಿ ಸೇರಬೇಕಿತ್ತು, ಇಲ್ಲವೇ ಆ ಮಟ್ಟವನ್ನೇ ಬಿಡಬೇಕಿತ್ತು. ಜೊತೆಗಾರ ಹೋದರೆ ಉಳಿದವರೂ ಚಂದಾ ನಿಲ್ಲಿಸುತ್ತಾರೆ.

ರೇಡ್‌ಗಳು ಮಾತ್ರ ಅದ್ಭುತ, ಬ್ಲ್ಯಾಕ್‌ರಾಕ್ ಫೌಂಡ್ರಿಯಂತೂ ಈಗಲೂ ನೋಡಲೇಬೇಕು. ಆದರೆ 2015ರ ಜೂನ್‌ನಲ್ಲಿ ಬಂದ ಹೆಲ್‌ಫೈರ್ ಸಿಟಾಡೆಲ್ ನಂತರ ಹೊಸ ರೇಡ್ ಬರಲೇ ಇಲ್ಲ. ಮುಂದಿನ ವಿಸ್ತರಣೆ ಲೀಜನ್ ಬಂದದ್ದು 2016ರ ಆಗಸ್ಟ್ ಕೊನೆಗೆ. ಹದಿನಾಲ್ಕು ತಿಂಗಳು ಅದೇ ಬಾಸ್‌ಗಳು!

ಚಂದಾ ರದ್ದು ಮಾಡಿದರೂ ಕಟ್ಟಿದ ಅವಧಿ ಮುಗಿಯುವವರೆಗೆ ಆಡಬಹುದು. ಹಾಗಾಗಿ ಬೇಸರ ಶುರುವಾದ ದಿನವೇ ಖಾತೆಯ ಪುಟದಲ್ಲಿ ಸ್ವಯಂ ನವೀಕರಣ ನಿಲ್ಲಿಸಿಬಿಡಿ.