ಶೇಂಗಾ ತಳಿ ಆಯ್ಕೆ: ವಂಶಾವಳಿಯೋ, ಒಂದೇ ಬೀಜವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಒಂದೇ ಬೀಜದ ವಿಧಾನಕ್ಕೆ. ಎರಡು ತಳಿ ಕೂಡಿಸಿದ ಒಂದೇ ಸಂಕರಣದ ಬೀಜವನ್ನು ಎರಡು ಪಾಲು ಮಾಡಿ, ಎರಡೂ ವಿಧಾನ ನಡೆಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ವಂಶಾವಳಿ ವಿಧಾನದಲ್ಲಿ ಎಫ್‌2ರಿಂದಲೇ, ಅಂದರೆ ಸಂಕರಣದ ನಂತರದ ಎರಡನೇ ಪೀಳಿಗೆಯಿಂದಲೇ, ಗಿಡ ಆರಿಸಿ, ಪ್ರತಿ ಗಿಡದ ಮಕ್ಕಳನ್ನು ಬೇರೆಬೇರೆಯಾಗಿ ಬೆಳೆಸಿ ಲೆಕ್ಕ ಇಡಬೇಕು. ನಾನು ಕಾಯಿ ಎಣಿಸಿ ಆರಿಸಿದೆ. ಒಂದು ಗಿಡ ಕಿತ್ತಾಗ 60ಕ್ಕೂ ಜಾಸ್ತಿ ಕಾಯಿ! ಉಳಿದವುಗಳಲ್ಲಿ 20ರ ಆಸುಪಾಸು. ಖುಷಿಯಿಂದ ಚೀಟಿ ಕಟ್ಟಿ ಬೇರೆ ಚೀಲಕ್ಕೆ ಹಾಕಿದೆ. ಮುಂದಿನ ಹಂಗಾಮಿನಲ್ಲಿ ಅದರ ಮಕ್ಕಳೆಲ್ಲ ಮಾಮೂಲಿ ಗಿಡಗಳೇ.

ಹೊಲದ ಪುಸ್ತಕ ತೆಗೆದು ನೋಡಿದೆ. ಆ ಗಿಡದ ಎರಡೂ ಪಕ್ಕದ ಬೀಜ ಹುಟ್ಟಿರಲೇ ಇಲ್ಲ. ಮೂರು ಗಿಡದ ಜಾಗ, ಬಿಸಿಲು, ನೀರು ಅದೊಂದಕ್ಕೇ ಸಿಕ್ಕಿತ್ತು. ನಾನು ಖಾಲಿ ಜಾಗವನ್ನು ಆರಿಸಿಕೊಂಡಿದ್ದೆ.

ಗಿಡಕ್ಕೆ ಎಷ್ಟು ಕಾಯಿ ಅನ್ನುವುದನ್ನು ಹಲವು ಜೀನ್‌ಗಳು ಸೇರಿ ನಿರ್ಧರಿಸುತ್ತವೆ. ಮಣ್ಣು, ನೀರು, ಅಂತರ ಕೂಡ ಅದನ್ನು ಸುಲಭವಾಗಿ ಅಲುಗಾಡಿಸುತ್ತವೆ. ಒಂಟಿ ಗಿಡ ನೋಡಿ ಎರಡನ್ನೂ ಬೇರ್ಪಡಿಸುವುದು ಹೇಗೆ? ಸಾಲದ್ದಕ್ಕೆ, ತಂದೆ ತಾಯಿಯಲ್ಲಿ ಬೇರೆಯಾಗಿದ್ದ ಜೀನ್ ಜೋಡಿಗಳಲ್ಲಿ ಸರಾಸರಿ ಅರ್ಧ ಎಫ್‌2ರಲ್ಲಿ ಇನ್ನೂ ಮಿಶ್ರವಾಗಿರುತ್ತವೆ, ಅಂದರೆ ಜೋಡಿಯ ಎರಡೂ ಪ್ರತಿ ಒಂದೇ ಥರ ಇರುವುದಿಲ್ಲ. ಮಕ್ಕಳು ತಾಯಿಯಂತೆ ಬರುವ ಖಾತ್ರಿ ಇಲ್ಲ.

ನೂರು ಕಾಳಿನ ತೂಕ ಮಾತ್ರ ಇಷ್ಟು ಕಾಡಲಿಲ್ಲ. ದಪ್ಪ ಕಾಳಿನ ಗಿಡಗಳ ಮಕ್ಕಳಲ್ಲೂ ಬಹುಪಾಲು ದಪ್ಪ ಕಾಳೇ ಬಂತು. ನೀವು ಹುಡುಕುತ್ತಿರುವುದು ಅದನ್ನೇ ಆದರೆ ವಂಶಾವಳಿ ಸಾಕು.

ಒಂದೇ ಬೀಜದ ವಿಧಾನದಲ್ಲಿ ಪ್ರತಿ ಗಿಡದಿಂದ ಒಂದೊಂದೇ ಕಾಳು ಇಟ್ಟುಕೊಂಡು ಮುಂದೆ ಹೋಗುವುದು. ಎಫ್‌5ರ ತನಕ ಆಯ್ಕೆ ಇಲ್ಲ, ರಾಶಿ ಚೀಟಿ ಇಲ್ಲ. ಅಷ್ಟರಲ್ಲಿ ಮಿಶ್ರ ಜೋಡಿಗಳ ಪಾಲು ಸರಾಸರಿ 6.25 ಶೇಕಡಕ್ಕೆ ಇಳಿದಿರುತ್ತದೆ. ಎಫ್‌2ರಲ್ಲಿದ್ದ ವೈವಿಧ್ಯ ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ. ತೊಡಕು ಒಂದೇ: ಕಾಳು ಹುಟ್ಟದಿದ್ದರೆ ಆ ವಂಶವೇ ಹೋಯಿತು. ಅದಕ್ಕೇ ನಾನು ಎರಡು ಕಾಳಿನ ಕಾಯಿ ಇಟ್ಟುಕೊಂಡು, ಎರಡನ್ನೂ ಊರಿ, ಒಂದು ಗಿಡ ಉಳಿಸುತ್ತೇನೆ. ಸಂಕರಣದಲ್ಲಿ ಬಳ್ಳಿ ಶೇಂಗಾ ಇದ್ದರೆ ಕಾಳು ನಿದ್ದೆಯಲ್ಲಿರಬಹುದು, ಅಂದರೆ ಕಿತ್ತ ಮೇಲೆ ಕೆಲಕಾಲ ಮೊಳೆಯದಿರಬಹುದು, ಕೂಡಲೇ ಬಿತ್ತಬೇಡಿ.

ಎಣ್ಣೆ ಅಂಶದ ಪರೀಕ್ಷೆ ಎರಡರಲ್ಲೂ ಕೊನೆಗೇ ಇರಲಿ, ಮೊದಲ ಪೀಳಿಗೆಗಳಲ್ಲಿ ಅಷ್ಟು ಕಾಳೇ ಸಿಗುವುದಿಲ್ಲ.

ನನ್ನ ಹತ್ತಿರ ಇರುವುದು ಚಿಕ್ಕ ತಾಕು, ಕೈಗೆ ಒಬ್ಬರೇ ಜೊತೆ. ಹಾಗಾಗಿ ದುಡ್ಡು, ಶ್ರಮ ಎರಡನ್ನೂ ಎಫ್‌5ರ ನಂತರದ ಸಾಲುಗಳಿಗೆ ಉಳಿಸುತ್ತೇನೆ. ಅಲ್ಲೂ ಈಗ ಖಾಲಿ ಜಾಗದ ಪಕ್ಕದ ಗಿಡ ಬಿಟ್ಟೇ ಕಾಯಿ ಎಣಿಸುತ್ತೇನೆ.