ನಿಮ್ಹಾನ್ಸ್ ನ್ಯೂರೋಸರ್ಜರಿ: ಕೊಪ್ಪಳ ಕಡೆಯಿಂದ ಹೋಗೋರಿಗೆ

ನಮ್ಮ ಅಕ್ಕನ ಮಗಳಿಗೆ ತಲಿನೋವು, ಎಷ್ಟ್ ನೀರ್ ಕುಡಿದ್ರೂ ದಾಹ, ಆಮ್ಯಾಲ ಬಾಜೂದಿಂದ ಬರೋ ಗಾಡಿನೇ ಕಾಣವಲ್ದು ಅನ್ನಾಕತ್ತಳು, ಊರಾಗ ಒಬ್ರು ಡಾಕ್ಟ್ರು ಬರೇ ಚಷ್ಮಾ ನಂಬರ್ ಬದಲಿ ಮಾಡಿ ಕಳ್ಸಿದ್ರು. ಬೆಂಗಳೂರು ನಿಮ್ಹಾನ್ಸ್‌ನಾಗ ಎಂಆರ್‌ಐ, ಸಿಟಿ ಎರಡೂ ಮಾಡಿ ಕ್ರೇನಿಯೋಫ್ಯಾರಿಂಜಿಯೋಮಾ ಅಂದ್ರು, ಮಿದುಳಿನ ಬುಡದಾಗಿರೋ ಪಿಟ್ಯುಟರಿ ಅನ್ನೋ ಹಾರ್ಮೋನ್ ಗ್ರಂಥಿ ಹತ್ರ ಬೆಳೆಯೋ ಅಪರೂಪದ ಗಡ್ಡಿ. ಡಾಕ್ಟ್ರು ಸಿಟಿಯೊಳಗ ಗಡ್ಡಿಯಾಗಿನ ಬಿಳಿ ಸುಣ್ಣದ ಚುಕ್ಕಿ ತೋರ್ಸಿ, ಇದು ಕ್ಯಾನ್ಸರ್ ಅಲ್ಲ ಆದ್ರ ಕಣ್ಣಿನ ನರ ಒತ್ತಾಕತ್ತೈತಿ, ಚೂರು ಉಳಿದ್ರ ಮತ್ತ ಬೆಳೀಬಹುದು, ಪೂರ್ತಿ ಕೆರೀಲಿಕ್ಕೆ ಹೋದ್ರ ಹೈಪೋಥಾಲಮಸ್‌ಗೆ (ಹಸಿವು, ದಾಹ ನೋಡ್ಕೊಳ್ಳೋ ಮಿದುಳಿನ ಭಾಗ) ಪೆಟ್ಟಾಗಬಹುದು ಅಂತ ಅಕ್ಕಗ ತಿಳಿಯಂಗ ಕುಂತು ಹೇಳಿದ್ರು, ಅದು ನನಗ ಭಾಳ ಹಿಡಿಸ್ತು. ತಲಿಬುರುಡಿ ತೆಗೀಲಿಲ್ಲ, ಮೂಗಿನಾಗಿಂದ ಎಂಡೋಸ್ಕೋಪ್ (ಕ್ಯಾಮೆರಾ ಇರೋ ಸಣ್ಣ ನಳಿಗಿ) ಹಾಕಿ ತೆಗೆದ್ರು! ಆಮ್ಯಾಲ ನರ್ಸಮ್ಮ ತಾಸಿಗೊಮ್ಮೆ ಉಚ್ಚಿ ಅಳದು ಬರಕೊಳ್ಳೋರು, ಹಾರ್ಮೋನ್ ಕಡಿಮಿ ಆದ್ರ ಉಚ್ಚಿ ಭಾಳ ಹೋಗ್ತೈತಂತ, ಮೂಗಿಂದ ತೆಳ್ಳನ ನೀರ್ ಸೋರ್ತೈತೇನು ಅಂತ ನೋಡೋರು, ಸೋರಿದ್ರ ಅದು ಮಿದುಳಿನ ನೀರು ಇರಬಹುದಂತ. ಈಗ ದೃಷ್ಟಿ ಭಾಳ ಸುಧಾರ್ಸೈತಿ, ಹಾರ್ಮೋನ್ ಗುಳಿಗಿ ಮಾತ್ರ ಬಿಡಂಗಿಲ್ಲ, ಸ್ಕ್ಯಾನಿಗೂ ಆಗಾಗ ಹೋಗಬೇಕು. ಹಂಪಿ ಎಕ್ಸ್‌ಪ್ರೆಸ್‌ಗೆ ಹೊಂಟ್ರ ಬೆಳಿಗ್ಗೆ ಮುಟ್ಟತೀರಿ, ಹಳೇ ಸ್ಕ್ಯಾನಿನ ಸಿಡಿ, ಬಿಪಿಎಲ್ ಕಾರ್ಡ್ ಮರೀಬ್ಯಾಡ್ರಿ.