ಬೆಂಗಳೂರು–ಲಂಡನ್: ಬಿಸಿನೆಸ್ ಕ್ಲಾಸಿಗೆ ದುಡ್ಡು ಹಾಕಬೇಕಾ?

ಬ್ರಿಟಿಷ್ ಏರ್‌ವೇಸ್‌ನ ನೇರ ವಿಮಾನವನ್ನೇ ತಗೊಳ್ಳೋಣ. ಹತ್ತು ಗಂಟೆಗೂ ಜಾಸ್ತಿ ಪ್ರಯಾಣ.

ಮಕ್ಕಳು ಮರಿ ಸಮೇತ ಹೊರಟಿದ್ದರೆ ಎಕಾನಮಿಯೇ ಸರಿ, ಯೋಚನೆಯೇ ಬೇಡ.

ಬಿಸಿನೆಸ್‌ನಲ್ಲಿ ದುಡ್ಡು ಕೊಡೋದು ಊಟಕ್ಕಲ್ಲ, ನಿದ್ದೆಗೆ. ಸೀಟು ಪೂರ್ತಿ ಹಾಸಿಗೆಯಾಗುತ್ತದೆ. ಆದರೆ ಬುಕ್ ಮಾಡುವ ಮುಂಚೆ ಸೀಟ್ ಮ್ಯಾಪ್ ನೋಡಿ. ಸಾಲಿನಲ್ಲಿ ಸೀಟುಗಳು 1-2-1 (ಕಿಟಕಿ ಬದಿ ಒಂದೊಂದು, ನಡುವೆ ಎರಡು) ಇದ್ದರೆ ಅದು ಬಾಗಿಲಿರುವ ಹೊಸ ಬಿಸಿನೆಸ್ ಸೀಟು, ಹೆಸರು ಕ್ಲಬ್ ಸೂಟ್. ಹಳೆಯದರಲ್ಲಿ ಕಿಟಕಿ ಬದಿಯವರು ಎದ್ದುಹೋಗಲು ಎಷ್ಟೋ ಸಲ ಪಕ್ಕದವರ ಕಾಲು ದಾಟಬೇಕು. ಅಷ್ಟು ದುಡ್ಡಿಗೆ ಇದಾ!

ಹಗಲು ವಿಮಾನವಾದರೆ ಹಾಸಿಗೆ ಸುಮ್ನೆ ದಂಡ. ಎಕಾನಮಿಗೂ ಬಿಸಿನೆಸ್‌ಗೂ ನಡುವಿನ ಪ್ರೀಮಿಯಂ ಎಕಾನಮಿ ಸಾಕು: ಸೀಟುಗಳ ಅಂತರ 38 ಇಂಚು, ಎಕಾನಮಿಯಲ್ಲಿ 31. ಮಂಡಿನೋವಿನ ಅಪ್ಪ-ಅಮ್ಮನಿಗೆ ಆ ಏಳು ಇಂಚೇ ದೊಡ್ಡದು, ಅಲ್ವಾ?

ರಾತ್ರಿ ಹಾರಿ, ಇಳಿದ ಕೂಡಲೇ ಮೀಟಿಂಗ್ ಇದ್ದರೆ, ಅದೂ ಕಂಪನಿ ದುಡ್ಡಾದರೆ, ಬಿಸಿನೆಸ್ ತಗೊಳ್ಳಿ.